ಸೆಟ್ ಟಾಪ್ ಬಾಕ್ಸ್ ಜೋಡಿಸುವ ಕ್ರಮ: ಮುಂಬಯಿ ಕನ್ನಡಿಗರ ಆವೃತ್ತಿ

ಯಾರಿಗಾಗಿ

ಮನೆಯೊಳಗೆ ತುಳುವೋ ಕನ್ನಡವೋ, ಲಿಫ್ಟಿನಲ್ಲಿ ಹಿಂದಿ, ತರಕಾರಿಯವಳ ಹತ್ತಿರ ಮರಾಠಿ ಆಡಿಕೊಂಡಿದ್ದು, ರಾತ್ರಿ ಎಂಟಾಯಿತೆಂದರೆ ಮಾತ್ರ ಕನ್ನಡ ಧಾರಾವಾಹಿಯೇ ಆಗಬೇಕೆನ್ನುವ ಮುಂಬಯಿ ಮತ್ತು ಉಪನಗರಗಳ ಕುಟುಂಬಗಳಿಗಾಗಿ ಈ ಕೈಪಿಡಿ. ಹಿಂದಿ, ಮರಾಠಿ ನೋಡುವವರು ಇದನ್ನು ಓದುವ ಅಗತ್ಯವಿಲ್ಲ. ಬಾಕ್ಸನ್ನು ತಲೆಕೆಳಗಾಗಿ ಇಟ್ಟರೂ ಅವರ ಚಾನೆಲ್ ಬರುತ್ತದೆ.

ಜೋಡಿಸುವ ಮೊದಲು ತಿಳಿದಿರಬೇಕಾದದ್ದು

ಅನಲಾಗ್ ಕೇಬಲ್ ನಿಲ್ಲಿಸಿ ಡಿಜಿಟಲ್ ಮಾಡಬೇಕೆಂದು 2011ರಲ್ಲಿ ಕೇಬಲ್ ಟೀವಿ ಕಾಯಿದೆಗೆ ತಿದ್ದುಪಡಿಯಾಯಿತು. ಮೊದಲ ಸರದಿ ಮುಂಬಯಿ, ದೆಹಲಿ, ಕೋಲ್ಕತಾ, ಚೆನ್ನೈಗಳದ್ದು. ಗಡುವು 2012ರ ಜೂನ್ 30. ಮೊದಲ ಗಡುವಿಗೆ ನಮ್ಮಲ್ಲಿ ಯಾರೂ ಅಂಜುವುದಿಲ್ಲವಷ್ಟೆ. ಅದು ಅಕ್ಟೋಬರ್ 31ಕ್ಕೆ ಹೋಯಿತು. ಎರಡನೆಯದನ್ನೂ ಯಾರೂ ನಂಬಲಿಲ್ಲ, ಆದರೆ ಆ ಮಧ್ಯರಾತ್ರಿ ತಂತಿ ನಿಜವಾಗಿಯೂ ಸತ್ತಿತು. ಬಾಕ್ಸ್ ಇಲ್ಲದ ಮನೆಗಳಲ್ಲಿ ಬೆಳಗ್ಗೆ ಟೀವಿ ಹಾಕಿದರೆ ಬರೀ ಗ್ರೇನ್ಸ್. ಅಂದು ನವೆಂಬರ್ 1, ಕನ್ನಡ ರಾಜ್ಯೋತ್ಸವ. ಬೆಂಗಳೂರು, ಮೈಸೂರಿಗೆ 2013ರ ಮಾರ್ಚ್ 31ರವರೆಗೆ ಸಮಯ ಕೊಟ್ಟಿದ್ದರಿಂದ ಅಲ್ಲಿನ ನೆಂಟರು ಮೆರವಣಿಗೆಯನ್ನು ಟೀವಿಯಲ್ಲಿ ನೋಡಿ ಫೋನಿನಲ್ಲಿ ವರ್ಣಿಸಿದರು.

ದಕ್ಷಿಣ ಮುಂಬಯಿಯವರಿಗೆ ಇದರ ರುಚಿ ಮೊದಲೇ ಗೊತ್ತಿತ್ತು. 'ಕ್ಯಾಸ್' ಎಂಬ ಹೆಸರಿನಲ್ಲಿ 2006ರ ಕೊನೆಯ ದಿನದಿಂದಲೇ ಅಲ್ಲಿ ಪೇ ಚಾನೆಲ್‌ಗಳಿಗೆ ಬಾಕ್ಸ್ ಬೇಕಾಗಿತ್ತು. ಉಪನಗರದವರು ಆಗ ಅವರನ್ನು ನೋಡಿ ನಕ್ಕಿದ್ದರು.

ಹಳೆಯ ಯಂತ್ರ: ಕೇಬಲ್‌ವಾಲಾ

ಹೊಸದನ್ನು ಜೋಡಿಸುವ ಮೊದಲು ಹಳೆಯದನ್ನು ಕಳಚಬೇಕು. ಕಳಚುವ ಮೊದಲು ಅದು ಹೇಗೆ ನಡೆಯುತ್ತಿತ್ತೆಂದು ತಿಳಿದಿರಬೇಕು.

1972ರ ಅಕ್ಟೋಬರ್ 2ರಂದು ಮುಂಬಯಿ ದೂರದರ್ಶನ ಶುರುವಾದ ಮೇಲೆ ಬಹಳ ವರ್ಷ ಈ ಊರಿನ ಆಂಟೆನಾಗಳೆಲ್ಲ ವರ್ಲಿಯ ಕಡೆಗೆ ಮುಖ ಮಾಡಿದ್ದವು. ಬೊರಿವಲಿಯವರು ದಕ್ಷಿಣಕ್ಕೆ ತಿರುಗಿಸಿದರೆ ಚೆಂಬೂರಿನವರು ಪಶ್ಚಿಮಕ್ಕೆ. ಕಾಗೆ ಕೂತರೆ ಚಿತ್ರ ಅಲುಗುತ್ತಿತ್ತು, ಅಷ್ಟೇ. 1991ರ ಕೊಲ್ಲಿ ಯುದ್ಧದ ಹೊತ್ತಿಗೆ ಕೇಬಲ್ ಬಂತು. ಟೆರೇಸಿನಿಂದ ಟೆರೇಸಿಗೆ ಎಸೆದ ಕಪ್ಪು ತಂತಿ, ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಗುಂಯ್ಗುಡುವ ಡಬ್ಬಿಗಳು, ತಿಂಗಳ ಮೊದಲ ವಾರ ಚಂದಾ ಪುಸ್ತಕ ಹಿಡಿದು ಬರುವ ಹುಡುಗ. 1994ರಲ್ಲಿ ಉದಯ ಟೀವಿ ಶುರುವಾದಾಗ ಈ ನಗರದ ಕನ್ನಡಿಗರಿಗೆ ಹುಟ್ಟಿಕೊಂಡ ಸಮಸ್ಯೆಯೊಂದೇ: ಅದನ್ನು ಈ ತಂತಿಯೊಳಗೆ ತೂರಿಸುವುದು ಹೇಗೆ?

ಅನಲಾಗ್ ತಂತಿಯಲ್ಲಿ ಒಂದು ಚಾನೆಲ್ಲಿಗೆ ಒಂದು ಜಾಗ. ಎಲ್ಲ ಸೇರಿ ನೂರರ ಆಸುಪಾಸು. ಹಳೆಯ ಟೀವಿಗಳು ಅದರಲ್ಲಿ ಅರ್ಧವನ್ನೂ ಹಿಡಿಯುತ್ತಿರಲಿಲ್ಲ. ಮುಂದಿನ ಸಾಲಿನ ಜಾಗಕ್ಕೆ ದೊಡ್ಡ ಚಾನೆಲ್‌ಗಳು ಕೇಬಲ್ ಕಂಪನಿಗಳಿಗೆ ಕ್ಯಾರೇಜ್ ಫೀ ಕಟ್ಟುತ್ತಿದ್ದವು. ಕನ್ನಡಕ್ಕೆ ಸಿಗುತ್ತಿದ್ದದ್ದು ಕಟ್ಟಕಡೆಯ ಜಾಗ, ಅದೂ ಸಿಕ್ಕರೆ. ಅಲ್ಲಿ ಚಿತ್ರಕ್ಕಿಂತ ಗ್ರೇನ್ಸ್ ಜಾಸ್ತಿ. ನಾಯಕಿ ಅಳುತ್ತಿದ್ದಾಳೋ ನಗುತ್ತಿದ್ದಾಳೋ ಹಿನ್ನೆಲೆ ಸಂಗೀತ ಕೇಳಿಯೇ ತಿಳಿಯಬೇಕಿತ್ತು.

ಆ ಜಾಗ ಗಿಟ್ಟಿಸಿಕೊಳ್ಳುವ ವಿಧಾನ ಇದು. ಬಿಲ್ಡಿಂಗಿನಲ್ಲಿರುವ ಶೆಟ್ಟಿ, ಪೂಜಾರಿ, ರಾವ್, ಕುಲಕರ್ಣಿ ಮನೆಗಳನ್ನು ಎಣಿಸಿ. (ಕುಲಕರ್ಣಿಯವರನ್ನು ವಿಚಾರಿಸಿ ಎಣಿಸಿ.) ಚಂದಾ ಹುಡುಗ ಬಂದಾಗ ಅತ್ತೆಯವರನ್ನು ಬಾಗಿಲಿಗೆ ಕಳಿಸಿ. "ಬೇಟಾ, ಹಮಾರಾ ಚಾನೆಲ್ ಕಬ್ ಆಯೇಗಾ?" "ಆಂಟೀ, ಕೌನ್ಸಾ? ಮದ್ರಾಸಿ?" "ಮದ್ರಾಸಿ ನಹೀ ರೇ, ಕನ್ನಡಾ!" "ಏಕ್ ಹೀ ಬಾತ್ ಹೈ ಆಂಟೀ." ಈ ಸಂವಾದ ತಿಂಗಳಿಗೊಮ್ಮೆ, ಚಕ್ಕುಲಿ ಸಹಿತ ನಡೆಯಬೇಕು. ಕಡೆಗೊಂದು ದಿನ ಹಳೆಯ ಹಾಡಿನ ಚಾನೆಲ್ಲೊಂದು ಮಾಯವಾಗಿ ಆ ಜಾಗದಲ್ಲಿ ಉದಯ ಬರುತ್ತಿತ್ತು. ಮೇಲಿನ ಮಹಡಿಯವರು ಗಲಾಟೆ ಎಬ್ಬಿಸಿದರೆ ಮತ್ತೆ ಹೋಗುತ್ತಿತ್ತು. ಈ ವ್ಯವಸ್ಥೆಗೆ ರಿಮೋಟ್ ಇರಲಿಲ್ಲ, ಕಿವಿ ಇತ್ತು.

ಹಂತ 1: ಫಾರ್ಮ್

ಮೊದಲು ಒಂದೇ ಚಾನೆಲ್ ಕೂರುತ್ತಿದ್ದ ಜಾಗದಲ್ಲಿ ಡಿಜಿಟಲ್‌ನಲ್ಲಿ ಹತ್ತಕ್ಕೂ ಹೆಚ್ಚು ಕೂರುತ್ತವೆ. ಆದ್ದರಿಂದ 'ಜಾಗ ಇಲ್ಲ ಆಂಟೀ' ಎಂಬ ಉತ್ತರ ರದ್ದಾಗಿದೆ. ಅದರ ಬದಲು ಫಾರ್ಮ್ ಬಂದಿದೆ. ಹೆಸರು, ವಿಳಾಸ, ಗುರುತಿನ ಚೀಟಿ, ಯಾವ ಪ್ಯಾಕ್ ಎಲ್ಲವನ್ನೂ ತುಂಬಿ ಕೊಡಬೇಕು. ಕೊಡದಿದ್ದರೆ ಬಾಕ್ಸ್ ಬಂದ್.

ನೀವು ತುಂಬಲು ಹೋಗಬೇಡಿ. ಹುಡುಗ ನಿಮ್ಮ ಮುಖ ನೋಡಿಯೇ ತುಂಬಿರುತ್ತಾನೆ: 'ಸೌತ್ ಪ್ಯಾಕ್'. ಅದರಲ್ಲಿ ತಮಿಳು, ತೆಲುಗು, ಮಲಯಾಳ ಧಾರಾಳವಾಗಿ ಇರುತ್ತವೆ. ಕನ್ನಡ ಎಲ್ಲಿದೆಯೆಂದು ಹುಡುಕುತ್ತ ಹೋಗಿ. ಆ ಹುಡುಕಾಟದಲ್ಲೇ ಅತ್ತೆಯವರಿಗೆ ಒಂದು ಮಲಯಾಳ ಧಾರಾವಾಹಿ ಹಿಡಿಸಿಬಿಡುವುದುಂಟು. ಅದು ದೋಷವಲ್ಲ, ದುರಸ್ತಿ ಬೇಡ.

ಹಂತ 2: ತಂತಿ ಮತ್ತು ರಿಮೋಟ್

ಬಾಕ್ಸಿನ ಹಿಂದೆ ಮೂರು ಬಣ್ಣದ ತೂತುಗಳಿವೆ. ಹಳದಿ ಚಿತ್ರಕ್ಕೆ, ಕೆಂಪು ಬಿಳಿ ಎರಡೂ ಧ್ವನಿಗೆ. ಟೀವಿಯ ಹಿಂದೆಯೂ ಅವೇ ಬಣ್ಣ. ಅರಿಸಿನಕ್ಕೆ ಅರಿಸಿನ, ಕುಂಕುಮಕ್ಕೆ ಕುಂಕುಮ ಎಂದು ಹೇಳಿಕೊಟ್ಟರೆ ಅಜ್ಜಿಯರೂ ತಪ್ಪದೆ ಜೋಡಿಸುತ್ತಾರೆ. ಕೆಂಪು ಬಿಳಿ ಅದಲು ಬದಲಾದರೆ ಗಾಬರಿ ಬೇಡ, ಎಡಗಿವಿಯದು ಬಲಗಿವಿಗೆ ಕೇಳಿಸುತ್ತದೆ ಅಷ್ಟೇ. ಹಳದಿ ತಪ್ಪಿದರೆ ಚಿತ್ರದ ಬದಲು ಗೊರ್ರ್ ಎಂಬ ಸದ್ದು ಬರುತ್ತದೆ.

ನಿಮ್ಮದು ಮದುವೆಯಲ್ಲಿ ಬಂದ ಟೀವಿಯಾಗಿ ಹಿಂದೆ ಬರೀ ಆಂಟೆನಾದ ತೂತೊಂದೇ ಇದ್ದರೆ, ಬಾಕ್ಸಿನಲ್ಲಿ ಆ ತಂತಿಯ ದಾರಿಯೂ ಇದೆಯೇ ನೋಡಿಕೊಳ್ಳಿ. ಇದ್ದರೆ ಟೀವಿಯನ್ನು 3 ಅಥವಾ 4ನೇ ನಂಬರಿನಲ್ಲಿ ಟ್ಯೂನ್ ಮಾಡಿ, ಆಮೇಲೆ ಆ ನಂಬರನ್ನು ಮುಟ್ಟಬೇಡಿ. ಮುಟ್ಟುವವರು ಮನೆಯಲ್ಲಿದ್ದೇ ಇರುತ್ತಾರೆ.

ಈಗ ಕಷ್ಟದ ಭಾಗ. ರಿಮೋಟ್ ಎರಡು. ಒಂದು ಟೀವಿಯದು, ಕೊಂಡ ದಿನದಿಂದ ಪ್ಲಾಸ್ಟಿಕ್ ಕವರಿನಲ್ಲಿದೆ. ಇನ್ನೊಂದು ಬಾಕ್ಸಿನದು, ಕಪ್ಪಗೆ, ಹಗುರಾಗಿ, ಬ್ಯಾಟರಿಯ ಮುಚ್ಚಳ ಆಗಲೇ ಕಳೆದುಹೋಗಿ ರಬ್ಬರ್ ಬ್ಯಾಂಡ್ ಹಾಕಿಸಿಕೊಂಡಿದೆ. ಟೀವಿಯದರಲ್ಲಿ ಆನ್ ಮಾಡಿ, ಬಾಕ್ಸಿನದರಲ್ಲಿ ಚಾನೆಲ್ ಬದಲಿಸಬೇಕು. ಧ್ವನಿ ಎರಡರಲ್ಲೂ ಇದೆ. ಒಂದರಲ್ಲಿ ತಗ್ಗಿಸಿದ್ದನ್ನು ಮಾವನವರು ಇನ್ನೊಂದರಲ್ಲಿ ಏರಿಸುತ್ತಾರೆ. ಮೊಮ್ಮಗ ಟೀವಿ ರಿಮೋಟಿನ 'ಏವಿ' ಗುಂಡಿ ಒತ್ತಿದನೆಂದರೆ ಪರದೆ ನೀಲಿಯಾಗಿ ನಿಲ್ಲುತ್ತದೆ. ಇಂಥ ನೀಲಿ ಪರದೆಗಾಗಿ ಸೊಸೆಯನ್ನು ಲೋಕಲ್ ಟ್ರೇನಿನಿಂದ ಫೋನಿನಲ್ಲಿ ಹಿಡಿದು ಕೇಳುವ ಪದ್ಧತಿಯಿದೆ. "ಅತ್ತೇ, ಏವಿ ಒತ್ತಿ." "ಒತ್ತಿದೆನಮ್ಮ." "ಯಾವ ರಿಮೋಟಿನಲ್ಲಿ?" "ಕೈಯಲ್ಲಿರೋದ್ರಲ್ಲಿ." ಘಾಟ್‌ಕೋಪರ್ ದಾಟುವಷ್ಟರಲ್ಲಿ ಸರಿಹೋದರೆ ಒಳ್ಳೆಯದು.

ಹಂತ 3: ಡಿಶ್ ಕೂರಿಸಲು ಟೆರೇಸಿನ ಅನುಮತಿ

ಸೊಸೈಟಿ ಕಮಿಟಿಯ ಮುಂದಿನ ಸಭೆಯಲ್ಲಿ ತೀರ್ಮಾನವಾಗಲಿದೆ. ಹಂತ 4ಕ್ಕೆ ಹೋಗಿ.

ಹಂತ 4: ಕಿಟಕಿಯ ಗ್ರಿಲ್‌ನಲ್ಲಿ ಡಿಶ್

ಕೇಬಲ್ ಬೇಡವೆಂದವರು ಡಿಶ್ ಹಾಕಿಸಿಕೊಂಡರು. ಡಿಶ್ ನೋಡಬೇಕಾದ ಉಪಗ್ರಹಗಳು ಸಮಭಾಜಕ ವೃತ್ತದ ನೆತ್ತಿಯಲ್ಲಿ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ನಮಗಿಂತ ಪೂರ್ವಕ್ಕೆ ಇವೆ. 83ನೇ ರೇಖಾಂಶದಲ್ಲಿ ಒಂದು, 93.5ರಲ್ಲಿ ಇನ್ನೊಂದು, ಹೀಗೆ. ಮುಂಬಯಿ ಇರುವುದು 73ರ ಹತ್ತಿರ. ಹಾಗಾಗಿ ಇಲ್ಲಿನ ಹೆಚ್ಚಿನ ಡಿಶ್‌ಗಳು ಆಗ್ನೇಯಕ್ಕೆ ತಿರುಗಿ, ಸುಮಾರು ಅರವತ್ತು ಡಿಗ್ರಿ ತಲೆಯೆತ್ತಿ ಕೂರಬೇಕು. ನಕಾಶೆ ತೆಗೆದು ನೋಡಿ: ಮುಂಬಯಿಯಿಂದ ಬೆಂಗಳೂರು ಇರುವುದೂ ಅದೇ ದಿಕ್ಕಿಗೆ. ಮುಲುಂಡಿನ ಗುಜರಾತಿಯ ಡಿಶ್ಶೂ, ದಾದರಿನ ಮರಾಠಿಗರ ಡಿಶ್ಶೂ ಹಗಲಿರುಳು ಕರ್ನಾಟಕದ ಕಡೆಗೇ ನೋಡುತ್ತಿವೆ. ಇದನ್ನು ಸೊಸೈಟಿ ಸಭೆಯಲ್ಲಿ ಹೇಳುವುದು ಬೇಡ, ಹಂತ 3 ಇನ್ನೂ ಬಾಕಿಯಿದೆ.

ವಾಸ್ತು ನೋಡುವವರಿಗೆ ಆಗ್ನೇಯವೆಂದರೆ ಅಡುಗೆಮನೆ. ಅಡುಗೆಮನೆಯ ಗ್ರಿಲ್‌ನಲ್ಲಿ ಈಗಾಗಲೇ ತುಳಸಿ, ಹಳೆಯ ಪ್ರೆಶರ್ ಕುಕ್ಕರ್, ಊರಿನಿಂದ ತಂದ ತೆಂಗಿನಕಾಯಿ ಇರುತ್ತವೆ. ತೆಂಗಿನಕಾಯಿ ಮಾತ್ರ ತೆಗೆಯಿರಿ.

ಎದುರಿಗೆ ರೀಡೆವಲಪ್‌ಮೆಂಟಿಗೆ ಕೊಟ್ಟ ಹಳೆಯ ಚಾಳ್ ಇದೆಯೇ ಎಂದು ನೋಡಿಕೊಳ್ಳಿ. ಹತ್ತು ಮೀಟರ್ ದೂರದಲ್ಲಿ, ನಿಮ್ಮ ಡಿಶ್ಶಿಗಿಂತ ಐದಾರು ಮಹಡಿ ಎತ್ತರಕ್ಕೆ ಟವರ್ ಎದ್ದಿತೆಂದರೆ ಉಪಗ್ರಹ ಮರೆಯಾಯಿತು. ಒಂದೊಂದು ಸ್ಲ್ಯಾಬ್ ಬಿದ್ದಾಗಲೂ ಸಿಗ್ನಲ್ ಪಟ್ಟಿ ಇಳಿಯುವುದಿಲ್ಲ. ಒಂದು ದಿನ ಪೂರ್ತಿ ಹೋಗುತ್ತದೆ.

ದೂರದರ್ಶನವೂ 2016ರ ಫೆಬ್ರವರಿಯಲ್ಲಿ ಮುಂಬಯಿ ಸೇರಿ 16 ನಗರಗಳಲ್ಲಿ ಗೋಪುರದಿಂದಲೇ ಡಿಜಿಟಲ್ ಪ್ರಸಾರ ಶುರುಮಾಡಿತು. ಅದಕ್ಕೆ ಬಾಕ್ಸೂ ಬೇಡ, ಚಂದಾವೂ ಬೇಡ, ಟೀವಿಯಲ್ಲಿ ಬೇರೆಯದೇ ಟ್ಯೂನರ್ ಇದ್ದರೆ ಸಾಕು. ಹಾಗೆ ನೋಡುತ್ತಿರುವವರು ಯಾರಾದರೂ ನಿಮ್ಮ ಬಿಲ್ಡಿಂಗಿನಲ್ಲಿದ್ದರೆ ಅವರಿಗೆ ನಮಸ್ಕಾರ ತಿಳಿಸಿ.

ಹಂತ 5: ನಿಮಗೆ ಬೇಕಾದ್ದನ್ನು ನೀವೇ ಆರಿಸಿ

2019ರ ಫೆಬ್ರವರಿ 1ರಿಂದ ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್ ಹೊಸ ದರಪದ್ಧತಿ ತಂದಿತು. ನೋಡದ ಚಾನೆಲ್ಲಿಗೆ ದುಡ್ಡು ಕೊಡಬೇಡಿ, ಬೇಕಾದ್ದನ್ನಷ್ಟೇ ಬಿಡಿಬಿಡಿಯಾಗಿ ಕೊಳ್ಳಿ ಎಂದಿತು. ನ್ಯಾಯವಾಗಿಯೇ ಇದೆ. ಆಗ ಮೊದಲು ಕಟ್ಟಬೇಕಾಗಿದ್ದದ್ದು 130 ರೂಪಾಯಿ ಮತ್ತು ಜಿಎಸ್‌ಟಿ, ಒಟ್ಟು 153 ರೂಪಾಯಿ 40 ಪೈಸೆ. ಅದು 100 ಚಾನೆಲ್‌ಗಳಿಗೆ ಜಾಗದ ಬಾಡಿಗೆಯಾಗಿತ್ತು. (ಮರುವರ್ಷ ಅದೇ ಹಣಕ್ಕೆ 200 ಆಯಿತು.) ದೂರದರ್ಶನದ ಕಡ್ಡಾಯ ಚಾನೆಲ್‌ಗಳು ಅದರಲ್ಲೇ ಬರುತ್ತಿದ್ದುದರಿಂದ ಚಂದನ ಬಿಟ್ಟಿ. ಉಳಿದ ಪೇ ಚಾನೆಲ್‌ಗಳಿಗೆ ಬಿಡಿ ದರ. 19 ರೂಪಾಯಿ ದಾಟಿದ ಚಾನೆಲನ್ನು ಬೊಕೆಯಲ್ಲಿ, ಅಂದರೆ ಒಟ್ಟಿಗೆ ಮಾರುವ ಚಾನೆಲ್‌ಗಳ ಗುಚ್ಛದಲ್ಲಿ, ಸೇರಿಸುವಂತಿಲ್ಲವೆಂಬ ನಿಯಮವಿದ್ದುದರಿಂದ ದೊಡ್ಡ ಚಾನೆಲ್‌ಗಳು ಒಂದರ ಹಿಂದೊಂದು 19ರಲ್ಲೇ ಬಂದು ನಿಂತವು.

ಬೇಕಾದ ಸಾಮಾನು: ಪೆನ್ಸಿಲ್, ರಬ್ಬರ್, ದಿನಸಿ ಪಟ್ಟಿಯ ಹಿಂಬದಿ, ಭಾನುವಾರ. ಅತ್ತೆಯವರ ಮೂರು ಕನ್ನಡ ಚಾನೆಲ್ ಬರೆಯಿರಿ. ಮಾವನವರ ಸುದ್ದಿ. ಮಗನ ಕ್ರಿಕೆಟ್. ಮಗಳ ಕಾರ್ಟೂನ್. ಹಿಂದಿ ಒಂದು ಇರಲಿ, ಕೆಲಸದವಳು ಮಧ್ಯಾಹ್ನ ನೋಡುತ್ತಾಳೆ, ಅದಿಲ್ಲವೆಂದರೆ ಬೇರೆ ಮನೆ ಹಿಡಿಯುತ್ತಾಳೆ. ಕೂಡಿಸಿ. ಮೊತ್ತ ಮೊದಲಿನ ಚಂದಾಕ್ಕಿಂತ ಹೆಚ್ಚಾಗಿದೆಯೆ? ಸರಿಯಾಗಿ ಕೂಡಿಸಿದ್ದೀರಿ. ಆಗ ಬೊಕೆಯ ಪಟ್ಟಿ ತೆರೆಯಿರಿ: ಬಿಡಿಯಾಗಿ ಮೂರು ಕೊಳ್ಳುವ ಹಣಕ್ಕೆ ಬೊಕೆಯಲ್ಲಿ ಹನ್ನೆರಡು ಸಿಗುತ್ತವೆ, ಅದರಲ್ಲಿ ಒಂಬತ್ತನ್ನು ಯಾರೂ ನೋಡುವುದಿಲ್ಲ. ಅದನ್ನೇ ಕೊಳ್ಳಿ. ಎಲ್ಲರೂ ಅದನ್ನೇ ಕೊಂಡಿದ್ದಾರೆ.

ಒಂದು ಎಚ್ಚರಿಕೆ. ಮೊದಲು ಚಾನೆಲ್ ಬಾರದಿದ್ದರೆ ಬಯ್ಯಲು ಒಬ್ಬ ಮನುಷ್ಯನಿದ್ದ. ಈಗ ಕನ್ನಡ ಬರುತ್ತಿಲ್ಲವೆಂದು ಕೇಬಲ್‌ವಾಲನನ್ನು ಹಿಡಿದರೆ, "ಆಂಟೀ, ಆಪ್ನೇ ಲಿಯಾ ಹೀ ನಹೀ" ಎಂದು ನಿಮ್ಮ ಸಹಿಯಿರುವ ಪಟ್ಟಿ ತೋರಿಸುತ್ತಾನೆ. ಈ ಆವೃತ್ತಿಯಲ್ಲಿ ಚಕ್ಕುಲಿ ಕೆಲಸ ಮಾಡುವುದಿಲ್ಲ.

ದೋಷ ಮತ್ತು ಪರಿಹಾರ

'ಸ್ಮಾರ್ಟ್ ಕಾರ್ಡ್ ಹಾಕಿ' ಎಂದು ಬಂದರೆ: ಕಾರ್ಡ್ ಒಳಗೇ ಇದೆ. ತೆಗೆದು, ಚಿನ್ನದ ಬಣ್ಣದ ಜಾಗವನ್ನು ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿ. ಸಮುದ್ರದ ಗಾಳಿಗೆ ಅದು ಮಂಕಾಗುತ್ತದೆ. ಕಂಪನಿಯ ಹುಡುಗನೂ ಬಂದು ಮಾಡುವುದು ಇದನ್ನೇ, ಸೆರಗಿನ ಬದಲು ಅಂಗಿಯ ಚುಂಗಿನಲ್ಲಿ.

ಚಿತ್ರ ಚೌಕಚೌಕವಾಗಿ ಒಡೆದು ನಾಯಕನ ಮೂಗು ಕಿವಿಯ ಹತ್ತಿರ ಹೋದರೆ: ತಂತಿಯ ಜಾಯಿಂಟ್ ಸಡಿಲ. ಅನಲಾಗ್ ಕ್ರಮೇಣ ಮಸುಕಾಗುತ್ತಿತ್ತು; ಇದು ಪೂರ್ತಿ ಬರುತ್ತದೆ, ಇಲ್ಲವೇ ಮುರಿದು ಬೀಳುತ್ತದೆ. ಗ್ರೇನ್ಸಿನ ನಡುವೆ ಅಂದಾಜಿನಲ್ಲಿ ನೋಡಿ ಅಭ್ಯಾಸವಾದವರಿಗೆ ಇದು ಸ್ವಲ್ಪ ನಿಷ್ಠುರ ಅನ್ನಿಸಬಹುದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡಿಶ್‌ನಲ್ಲಿ 'ನೋ ಸಿಗ್ನಲ್': ಉಪಗ್ರಹದ ಅಲೆಯ ಉದ್ದ ಎರಡೂವರೆ ಸೆಂಟಿಮೀಟರ್ ಆಸುಪಾಸು. ದಪ್ಪ ಹನಿಯ ಮಳೆ ಅದನ್ನು ದಾರಿಯಲ್ಲೇ ಕುಡಿದುಬಿಡುತ್ತದೆ. ಮುಂಬಯಿ ಮಳೆಗೂ ಧಾರಾವಾಹಿಯ ಶುಕ್ರವಾರದ ಕಂತಿಗೂ ಒಳಒಪ್ಪಂದವಿರುವಂತೆ ಕಾಣುತ್ತದೆ. ಬೆಂಗಳೂರಿನ ತಂಗಿಗೆ ಫೋನ್ ಮಾಡಿ ಕತೆ ಕೇಳಿಕೊಳ್ಳಿ. ಮಂಗಳೂರಿಗೆ ಮಾಡಬೇಡಿ, ಅಲ್ಲಿ ಕರೆಂಟೇ ಇರುವುದಿಲ್ಲ. ಅಥವಾ ಮಾಟುಂಗದ ಮೈಸೂರು ಅಸೋಸಿಯೇಶನ್‌ನಲ್ಲಿ ಅಂದು ಕನ್ನಡ ನಾಟಕವಿದೆಯೇ ವಿಚಾರಿಸಿ. 1926ರಿಂದ ಇರುವ ಸಂಸ್ಥೆ, ಸೆಟ್ ಟಾಪ್ ಬಾಕ್ಸ್ ಬೇಕಾಗಿಲ್ಲ.

ಕಂಪನಿ ಬದಲಿಸಿದರೆ: ಹಳೆಯ ಬಾಕ್ಸ್ ಹೊಸ ಕಂಪನಿಗೆ ನಡೆಯುವುದಿಲ್ಲ. ಒಬ್ಬರ ಬೀಗಕ್ಕೆ ಇನ್ನೊಬ್ಬರ ಕೀಲಿಕೈ ಹಾಕಲು ಬಿಡುವವರು ಈ ಧಂದೆಯಲ್ಲಿ ಇಲ್ಲ. ಹಳೆಯದನ್ನು ಲಾಫ್ಟ್‌ನಲ್ಲಿ, ಅದಕ್ಕೂ ಹಳೆಯದರ ಪಕ್ಕದಲ್ಲಿಡಿ. ಭಂಗಾರ್‌ವಾಲಾ ರಿಮೋಟ್ ಇದ್ದರೆ ಮಾತ್ರ ತೆಗೆದುಕೊಳ್ಳುತ್ತಾನೆ, ಯಾಕೆಂದು ಕೇಳಬೇಡಿ.

ಎಲ್ಲವನ್ನೂ ತೆಗೆದುಹಾಕುವುದಿದ್ದರೆ

ಮಗ ಸ್ಮಾರ್ಟ್ ಟೀವಿ ತಂದು, ಇನ್ನು ಕೇಬಲ್ಲೂ ಬೇಡ ಡಿಶ್ಶೂ ಬೇಡ, ಎಲ್ಲ ಮೊಬೈಲಿನ ಹಾಗೆ ಇಂಟರ್‌ನೆಟ್ಟಿನಲ್ಲೇ ಬರುತ್ತದೆ ಎಂದರೆ ಒಪ್ಪಿಕೊಳ್ಳಿ. ಬ್ರಾಡ್‌ಬ್ಯಾಂಡ್ ಸಂಪರ್ಕಕ್ಕೆ ಫೋನ್ ಮಾಡಿ. ಚಂದಾ ಪುಸ್ತಕದ ಅದೇ ಹುಡುಗ, ಈಗ ತಲೆ ನರೆತವನು, ಫೈಬರ್ ಸುರುಳಿ ಹೆಗಲಿಗೆ ಹಾಕಿಕೊಂಡು ಬರುತ್ತಾನೆ. ಗೋಡೆಗೆ ಹೊಸ ತೂತು ಕೊರೆಯಲು ಬಿಡಬೇಡಿ. ಕಿಟಕಿ ಚೌಕಟ್ಟಿನಲ್ಲಿ ಅವನೇ ಹಿಂದೆ ಕೊರೆದ ಕೇಬಲ್ ತೂತು ಇದೆ, ಅದರಲ್ಲೇ ಎಳೆಯಲಿ. ಪಾಸ್‌ವರ್ಡ್ ಬರೆಸಿಕೊಳ್ಳಿ, ರಸೀದಿ ಕೇಳಿ. ಹೋಗುವಾಗ, "ಆಂಟೀ, ಸಾಥ್ ಮೇ ಸೌತ್ ಕಾ ಆ್ಯಪ್ ಭೀ ಡಾಲ್ ದೂಂ?" ಎಂದು ಕೇಳಿದರೆ, ಅದರಲ್ಲಿ ಕನ್ನಡ ಇದೆಯೇ ಎಂದು ಅತ್ತೆಯವರೇ ವಿಚಾರಿಸಲಿ.