ಮಿಕ್ಕ ಕುರಿಗಳನ್ನು ಕಾಯೋರು ಯಾರು?

ಸಂಡೇ ಸ್ಕೂಲಿನಲ್ಲಿ ನನ್ನ ಪಾಲಿಗೆ ಬಂದ ಪಾಠ: ದೇವರ ಮನೆಯಲ್ಲಿ ಎಲ್ಲರಿಗೂ ಜಾಗವಿದೆ. ಬೆಂಚಿನ ಮೇಲೆ ಮಾತ್ರ ಇರಲಿಲ್ಲ. ಕಿಟಕಿ ಪಕ್ಕಕ್ಕಾಗಿ ಗುದ್ದಾಟ ನಡೆದಿತ್ತು. ಲೂಕನ ಸುವಾರ್ತೆಯ 15ನೇ ಅಧ್ಯಾಯ ತೆರೆದು, ಕಳೆದುಹೋದ ಒಂದು ಕುರಿಗಾಗಿ ಕುರುಬ ಮಿಕ್ಕ 99ನ್ನು ಅಡವಿಯಲ್ಲೇ ಬಿಟ್ಟು ಹೋದ ಎಂದೆ. "ಅಷ್ಟರಲ್ಲಿ ತೋಳ ಬಂದ್ರೆ, ಟೀಚರ್?" ಥಿಯಾಲಜಿ ಓದಿದವರೂ ಇಂಥ ಪ್ರಶ್ನೆಗೆ ಮೊದಲು ಕೆಮ್ಮುತ್ತಾರೆ. ನಾನೂ ಕೆಮ್ಮಿ, ಜಕ್ಕಾಯನ ಕಥೆಯ ಕಡೆಗೆ ಓಡಿದೆ. ಯೆರಿಕೋ ಊರಿನ ಸುಂಕದವರ ಮುಖಂಡ, ಕುಳ್ಳ, ಊರವರ ಕಣ್ಣಿಗೆ ಪಾಪಿ. ಮರ ಹತ್ತಿ ಕೂತವನನ್ನು ಯೇಸು ಹೆಸರು ಹಿಡಿದು ಕರೆದು, ಅವನ ಮನೆಗೇ ಹೊರಟ.

"ಹೇಳದೆ ಕೇಳದೆ ಹೋಗಿಬಿಟ್ರಾ? ಹನ್ನೆರಡು ಶಿಷ್ಯರೂ ಊಟಕ್ಕಾ?" ಪುಟ್ಟಿಗೆ ಜಕ್ಕಾಯನ ಅಡುಗೆಮನೆಯದೇ ಚಿಂತೆ. ಮೀನು ಸಾರೋ ಕೋಳಿ ಸಾರೋ ಎಂದು ಕ್ಲಾಸೇ ಎರಡು ಪಕ್ಷವಾಯಿತು. ನಾನು ಕೋಳಿ ಪಕ್ಷ.