ಕೇಶಕ್ಷಾಲನ ಪ್ರಮಾಣ ಮೀಮಾಂಸೆ

ಸೀಗೆಪುಡಿಯ ಸಾಚಾತನವನ್ನು ನಿರ್ಣಯಿಸುವುದೆಂತು ಎಂಬ ಪ್ರಶ್ನೆಯು ತಲೆಮಾರುಗಳಿಂದ ನಮ್ಮ ಬಚ್ಚಲುಮನೆಗಳಲ್ಲಿ ಚರ್ಚಿತವಾಗುತ್ತ ಬಂದಿದ್ದರೂ, ಅದಕ್ಕೆ ಇಂದಿಗೂ ಶಾಸ್ತ್ರದ ಪದವಿ ದೊರೆಯದಿರಲು, ವಾದಿಸುವವರ ಬಾಯಿಗೆ ನೊರೆ ನುಗ್ಗುವುದೇ ಕಾರಣವೆಂದು ಈ ಲೇಖಕನ ಅಭಿಮತ.

ಮಲೆನಾಡಿನ ಪಂಥದವರು ಮತ್ತಿಸೊಪ್ಪನ್ನೋ ದಾಸವಾಳದ ಎಲೆಯನ್ನೋ ನೀರಿನಲ್ಲಿ ಕಿವುಚಿ ತೆಗೆದ ಗೊಂಪೇ ಪರಮಾರ್ಥವೆಂದೂ, ನೊರೆಯೆಂಬುದು ಕೇವಲ ಮಾಯೆಯೆಂದೂ ಸಾಧಿಸುವರು. ಬಯಲುಸೀಮೆಯ ದ್ವೈತಿಗಳಾದರೋ (ಸೀಗೆ, ಅಂಟುವಾಳ ಎರಡನ್ನೂ ನಂಬುವುದರಿಂದ ಅವರಿಗೆ ಈ ಹೆಸರು) ನೊರೆಯಿಲ್ಲದೆ ಜಿಡ್ಡಿಗೆ ಮೋಕ್ಷವಿಲ್ಲವೆನ್ನುವರು. ವಾಸ್ತವದಲ್ಲಿ ಆ ಕಾಯಿಗಳಲ್ಲಿರುವ ಸಪೋನಿನ್ ಎಂಬ ದ್ರವ್ಯವು ಹುಟ್ಟುವೈರಿಗಳಾದ ಎಣ್ಣೆ-ನೀರುಗಳಿಗೆ ನಂಟು ಬೆಸೆದು ಎರಡನ್ನೂ ಒಟ್ಟಿಗೆ ಮೋರಿಗೆ ಕಳುಹಿಸುತ್ತದೆ. ಸೊಪ್ಪಿನ ಲೋಳೆಯು ಕೂದಲನ್ನು ನುಣುಪುಗೊಳಿಸುತ್ತದೆ. ಹೀಗೆ ಇಬ್ಬರದೂ ಸರಿಯೆಂದು ನಾನು ಸಿದ್ಧಪಡಿಸಿದ ಲಾಗಾಯ್ತು ಇಬ್ಬರೂ ನನ್ನೊಡನೆ ಮಾತು ಬಿಟ್ಟಿದ್ದಾರೆ.

ಇನ್ನು ಪ್ರಮಾಣವಿಚಾರ. ಸೀಗೆ, ಮೆಂತ್ಯ, ನೆಲ್ಲಿಚೆಟ್ಟು, ಒಣಗಿದ ನಿಂಬೆಸಿಪ್ಪೆಗಳನ್ನು ಬಿಸಿಲಲ್ಲಿ ಗರಿಗರಿಯಾಗಿಸಿ ಗಿರಣಿಗೆ ಒಯ್ದಾಗ, ರಾಗಿಯ ಡಬ್ಬ ಹಿಡಿದು ನಿಂತವರೆಲ್ಲರೂ ಏಕಕಾಲಕ್ಕೆ ಸೀನುವುದು ಪ್ರಾಥಮಿಕ ಸಾಕ್ಷ್ಯವಷ್ಟೆ. ಸಾಂಖ್ಯರು ಅಂಗೀಕರಿಸುವ ಮೂರು ಪ್ರಮಾಣಗಳಂತೂ ಸೀಗೆಗೋಸ್ಕರವೇ ಹುಟ್ಟಿದಂತಿವೆ: ಅಕ್ಷಿಯನ್ನು ಹೊಕ್ಕು ಉರಿಯೆಬ್ಬಿಸುವುದೇ ಪ್ರತ್ಯಕ್ಷ, ಅಂಗಡಿಯ ಪೊಟ್ಟಣದ ಪುಡಿ ಕಣ್ಣಿಗೆ ಬಿದ್ದೂ ಉರಿಯದಿದ್ದಾಗ ಮೂಡುವುದೇ ಅನುಮಾನ, ಬಚ್ಚಲಿನಿಂದ ಬೀದಿಯ ತುದಿಯವರೆಗೆ ಕೇಳಿಬರುವ ಬಾಲಕನ ಆರ್ತನಾದವೇ ಶಬ್ದ. ನೈಯಾಯಿಕರು ಸೇರಿಸುವ ಉಪಮಾನಕ್ಕೆ ಪಕ್ಕದ ಮನೆಯಾಕೆಯ ಜಡೆಯಿದೆ.

ಶಾಂಪೂ ಪಕ್ಷದವರಿಗೆ ಒಂದೇ ಮಾತು. ಆ ಶಬ್ದವು ಹಿಂದಿಯ ‘ಚಾಂಪೋ’, ಅರ್ಥಾತ್ ‘ಒತ್ತು’ ಎಂಬುದರಿಂದ ನಿಷ್ಪನ್ನವಾದುದರಿಂದ, ಹರಳೆಣ್ಣೆಯನ್ನು ನೆತ್ತಿಗೆ ತಟ್ಟಿ, ಒತ್ತಿ, ಗುದ್ದಿ ಇಳಿಸುತ್ತಿದ್ದ ನಮ್ಮಜ್ಜಿಯೇ ವ್ಯುತ್ಪತ್ತಿಶುದ್ಧವಾದ ಶಾಂಪೂಕಾರ್ತಿ.

ಗರುಗದ ಸೊಪ್ಪಿನ ತೈಲದ ಪರೀಕ್ಷೆ ಮಾತ್ರ ನಿಧಾನದ್ದು. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಮಾತ್ರ ಬೆಳೆಯುತ್ತದೆ. ಇದಕ್ಕಾಗಿ ನನ್ನ ಮಾವನವರು ಔದಾರ್ಯದಿಂದ ತಮ್ಮ ತಲೆಯನ್ನೇ ಒಡ್ಡಿದರಾದರೂ, ಅಳೆಯಲು ಅಲ್ಲಿ ಒಂದೆಳೆಯೂ ಇಲ್ಲದ್ದರಿಂದ ಅವರನ್ನು ಸಗೌರವವಾಗಿ ನಿವೃತ್ತಿಗೊಳಿಸಬೇಕಾಯಿತು. ಶಬ್ದಪ್ರಮಾಣಕ್ಕೆ ಒದಗುತ್ತಿದ್ದ ನನ್ನ ತಂಗಿಯ ಮಗನೋ, ಹಂಡೆಗೆ ಸೌದೆ ಒಡ್ಡಿದ ಸದ್ದಿಗೇ ಅಟ್ಟವೇರಿ ಕೂರುತ್ತಾನೆ. ಆದಕಾರಣ, ಐದಾರು ವರ್ಷ ವಯಸ್ಸಿನ, ಗಟ್ಟಿಗಂಟಲಿನ ಮಕ್ಕಳಿರುವ ವಾಚಕಮಹಾಶಯರು, ಬರುವ ಶನಿವಾರ ಬೆಳಗ್ಗೆ 8 ಗಂಟೆಗೆ ಅವರಿಗೆ ಎಣ್ಣೆ ಹಚ್ಚಿ ನಮ್ಮ ಮನೆಗೆ ಕಳುಹಿಸಿಕೊಡಬೇಕೆಂದು ವಿಜ್ಞಾಪನೆ; ಪಂಚೆ ನಾವೇ ಕೊಡುತ್ತೇವೆ.