ಅಲೆ ನಿಂತ ಮೇಲೆ ಕ್ಯಾಮೆರಾ

ಅಲೆ ನಿಂತ ಮೇಲೆ ಸಮುದ್ರಸ್ನಾನ ಮಾಡುತ್ತೇನೆಂದು ದಡದಲ್ಲಿ ಕೂತವನ ಕಥೆ ಹಳೆಯದು. ಆತ ಇಂದಿಗೂ ಅಲ್ಲೇ ಕೂತಿದ್ದರೆ ಕೈಯಲ್ಲಿ ಖಂಡಿತ ಕ್ಯಾಮೆರಾ ಕಂಪನಿಯೊಂದರ ಕ್ಯಾಟಲಾಗ್ ಇರುತ್ತದೆ. 2003ರಲ್ಲಿ ಕ್ಯಾನನ್ 300ಡಿ ಬಂದು, ಡಿಎಸ್‌ಎಲ್‌ಆರ್ ಎಂಬುದು ಮೊದಲ ಸಲ ಹವ್ಯಾಸಿಗಳ ಜೇಬಿಗೆ ಎಟುಕುವಂತಾದಾಗ ಇವನು ‘ಮೊದಲ ಮಾದರಿ, ಸ್ವಲ್ಪ ತಡೆಯೋಣ’ ಎಂದ. ಮರುವರ್ಷ ನಿಕಾನ್ ಡಿ70 ಬಂತು. ಬೆಲೆ ಇಳಿಯಲಿ ಎಂದ. 2008ರಲ್ಲಿ ನಿಕಾನ್ ಡಿ90 ವಿಡಿಯೊವನ್ನೂ ಹೊತ್ತು ತಂದಾಗ, ಕಾದದ್ದೇ ಒಳ್ಳೆಯದಾಯಿತೆಂದು ಬೀಗಿ ಮತ್ತಷ್ಟು ಕಾದ. ದಸರೆಗೆ ಬಂದ ಆಫರ್ ದೀಪಾವಳಿಗೆ ಇನ್ನೂ ಹಿಗ್ಗೀತು, ಆಷಾಢದಲ್ಲಿ ಹೊಸ ವಸ್ತು ಬೇಡ, ಮಾರ್ಚ್‌ನಲ್ಲಿ ತೆರಿಗೆಯ ಚಿಂತೆ. ಯಾವ ಮಗುವಿನ ನಾಮಕರಣಕ್ಕೆಂದು ಕ್ಯಾಮೆರಾ ಬೇಕಿತ್ತೋ ಆ ಮಗುವಿಗೆ ಈಗ ಮೀಸೆ ಬಂದಿದೆ.

ಹೀಗೆ ಕಾದದ್ದರಿಂದ ಸಿಕ್ಕಿದ್ದೇನು? ಆ 300ಡಿಯ ಆರು ಮೆಗಾಪಿಕ್ಸೆಲ್ ಚಿತ್ರವನ್ನು ಅಂಗುಲಕ್ಕೆ 300 ಚುಕ್ಕೆಗಳಂತೆ ಅಚ್ಚು ಹಾಕಿದರೆ ಸುಮಾರು 10 ಅಂಗುಲ ಅಗಲ ಬರುತ್ತದೆ, ಅಂದರೆ ಮನೆಯ ಆಲ್ಬಮ್ಮಿಗೆ ಧಾರಾಳವಾಯಿತು. ಈಗ ಸಾಮಾನ್ಯವಾಗಿರುವ 24 ಮೆಗಾಪಿಕ್ಸೆಲ್ ಚಿತ್ರವನ್ನು 4ಕೆ ಟಿವಿಯಲ್ಲಿ ತೋರಿಸಿದರೂ, ಟಿವಿಯಲ್ಲಿರುವುದು ಸುಮಾರು 83 ಲಕ್ಷ ಚುಕ್ಕೆ ಮಾತ್ರ. ಮೂರರಲ್ಲಿ ಎರಡು ಪಾಲು ವಿವರ ಅಲ್ಲೇ ಸೋರಿಹೋಗುತ್ತದೆ. ಉಳಿದದ್ದನ್ನು ವಾಟ್ಸಾಪ್ ಹಿಂಡಿ ಕಳಿಸುತ್ತದೆ. ಕರ್ನಾಟಕದ ಹಣಕಾಸು ಸಚಿವರಾಗಿದ್ದ ಎಂ.ವೈ. ಘೋರ್ಪಡೆ ಕಪ್ಪು-ಬಿಳುಪು ಫಿಲ್ಮಿನಲ್ಲೇ ವನ್ಯಜೀವಿಗಳನ್ನು ಸೆರೆಹಿಡಿದು ಹೆಸರಾದವರು. ಹಣದ ಲೆಕ್ಕ ಬಲ್ಲವರೇ ಮುಂದಿನ ಮಾಡೆಲ್ಲಿಗೆಂದು ಕಾಯಲಿಲ್ಲ.

ತಮಾಷೆಯೆಂದರೆ, ಡಿಎಸ್‌ಎಲ್‌ಆರ್ ಮಟ್ಟಿಗೆ ಅಲೆ ಈಗ ನಿಜಕ್ಕೂ ನಿಂತಿದೆ. ಕ್ಯಾನನ್, ನಿಕಾನ್ ಎರಡೂ 2020ರ ನಂತರ ಹೊಸ ಡಿಎಸ್‌ಎಲ್‌ಆರ್ ತಂದಿಲ್ಲ. ಅವರ ಗಮನವೆಲ್ಲ ಒಳಗಿನ ಕನ್ನಡಿ ತೆಗೆದುಹಾಕಿದ ಮಿರರ್‌ಲೆಸ್ ಕಡೆಗೆ. ಪೆಂಟಾಕ್ಸ್ ಒಂದು ಮಾತ್ರ ಹಠ ಬಿಟ್ಟಿಲ್ಲ. ಹಾಗಾದರೆ ಸತ್ತ ತಂತ್ರಜ್ಞಾನಕ್ಕೆ ದುಡ್ಡು ಸುರಿಯಬೇಕೇ ಎಂದು ಕೇಳುವವರಿದ್ದಾರೆ. ನನಗೆ ಅದೇ ಕೊಳ್ಳಲು ಕಾರಣವಾಗಿ ಕಾಣುತ್ತದೆ: ಇಂದು ಕೊಂಡದ್ದನ್ನು ಮುಂದಿನ ತಿಂಗಳು ಹೊಸ ತಮ್ಮನೊಬ್ಬ ಬಂದು ನಾಚಿಸುವುದಿಲ್ಲ. ಮಿರರ್‌ಲೆಸ್‌ಗೆ ಹೋದವರು ಬಿಟ್ಟುಹೋದ ಒಳ್ಳೆಯ ಬಾಡಿ, ಲೆನ್ಸುಗಳು ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತವೆ. ನಿಕಾನ್‌ನ ಎಫ್ ಮೌಂಟ್ 1959ರದು, ಕ್ಯಾನನ್‌ನ ಇಎಫ್ 1987ರದು. ಇಷ್ಟು ವರ್ಷ ತಯಾರಾದ ಲೆನ್ಸುಗಳು ಒಂದೇ ದಿನಕ್ಕೆ ಮಾಯವಾಗುವುದಿಲ್ಲ. ನಾಳೆ ಮನಸ್ಸು ಬದಲಾದರೂ ಇಎಫ್ ಲೆನ್ಸುಗಳು ಅಡಾಪ್ಟರ್ ಹಾಕಿದರೆ ಕ್ಯಾನನ್ ಮಿರರ್‌ಲೆಸ್‌ನಲ್ಲಿ ಕೆಲಸ ಮಾಡುತ್ತವೆ. ಹಾರುವ ಹಕ್ಕಿಯ ಕಣ್ಣನ್ನೇ ಹುಡುಕಿ ಫೋಕಸ್ ಹಿಡಿಯುವುದರಲ್ಲಿ ಮಿರರ್‌ಲೆಸ್ ಮುಂದಿದೆ, ಒಪ್ಪಿದೆ. ಫೋಟೊ ತೆಗೆದೇ ಹೊಟ್ಟೆ ಹೊರೆಯುವವರು ಅದನ್ನೇ ಕೊಳ್ಳಲಿ. ಭಾನುವಾರದ ಫೋಟೊಗ್ರಾಫರನಿಗೆ ಬೀಳುವ ಪೆಟ್ಟು ಅಂಥ ದೊಡ್ಡದಲ್ಲ.

ಮೊಬೈಲ್ ಇರುವಾಗ ಇದೆಲ್ಲ ಯಾಕೆ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಮಸಾಲೆ ದೋಸೆಗೂ ಮದುವೆ ಮನೆಯ ಸೆಲ್ಫಿಗೂ ಮೊಬೈಲೇ ಸಾಕು. ಆದರೆ ರಂಗನತಿಟ್ಟಿನ ದೋಣಿಯಲ್ಲಿ ಕೂತು ದೂರದ ಗೂಡಿನಲ್ಲಿರುವ ಕೊಕ್ಕರೆಯನ್ನು ಅದರಲ್ಲಿ ಹಿಗ್ಗಿಸುತ್ತಾ ಹೋದರೆ, ಕೊನೆಗೆ ಅದು ಹಕ್ಕಿಯೋ ಒಣಹಾಕಿದ ಪಂಚೆಯೋ ತಿಳಿಯುವುದಿಲ್ಲ. ರಾತ್ರಿ ಯಕ್ಷಗಾನದ ರಂಗಸ್ಥಳದಲ್ಲಿ ದಿಗಿಣ ಹಾಕುವ ವೇಷಧಾರಿ ಅದರ ಪುಟ್ಟ ಸೆನ್ಸರಿನಲ್ಲಿ ಬಣ್ಣದ ಮಸುಕಾಗಿಬಿಡುತ್ತಾನೆ. ದೊಡ್ಡ ಸೆನ್ಸರು, ಉದ್ದದ ಲೆನ್ಸು ಬೇಕಾಗುವುದು ಇಂಥಲ್ಲಿ. ಆದ್ದರಿಂದ ಮೊಬೈಲಿನಲ್ಲಿ ಎಷ್ಟು ಒದ್ದಾಡಿದರೂ ಬಾರದ ಒಂದು ಚಿತ್ರವನ್ನು ನೀವು ಬೊಟ್ಟು ಮಾಡಿ ತೋರಿಸಬಲ್ಲಿರಾದರೆ ಮುಹೂರ್ತ ಕೂಡಿಬಂತು, ಪಂಚಾಂಗ ಮುಚ್ಚಿಡಿ. ತೋರಿಸಲಾಗದಿದ್ದರೆ ಎಂಥ ಭರ್ಜರಿ ಆಫರ್ ಇದ್ದರೂ ಬೇಡ. ನಮ್ಮ ಮಳೆಗಾಲದಲ್ಲಿ ಬೀರುವಿನೊಳಗಿನ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ಕೊಳ್ಳುವುದೇ ಆದರೆ ಕ್ಯಾಮೆರಾ ಬಾಡಿಗಿಂತ ಲೆನ್ಸಿಗೆ ಹೆಚ್ಚು ದುಡ್ಡು ಹಾಕಿ. ಹಳೆಯದಾದರೆ ಶಟರ್ ಎಷ್ಟು ಸಲ ಬಡಿದಿದೆ ಎಂದು ಕೇಳಿ, ಲೆನ್ಸನ್ನು ಬೆಳಕಿಗೆ ಹಿಡಿದು ನೋಡಿ, ಆಮೇಲಷ್ಟೇ ದುಡ್ಡು ಎಣಿಸಿ.